ಅಪೊಲೊ 13ರ ಫ್ಯುಯೆಲ್ ಸೆಲ್ ಕೇಸ್: ಕೆಟ್ಟು ನಿಂತಿದ್ದಲ್ಲ, ಉಸಿರುಗಟ್ಟಿ ಸತ್ತಿದ್ದು

ಅಪೊಲೊ 13 ಅಂದ ತಕ್ಷಣ ಎಲ್ರಿಗೂ ನೆನಪಾಗೋದು ಹ್ಯೂಸ್ಟನ್‌ನ ಕಂಟ್ರೋಲ್ ರೂಮಿಗೆ ಹೇಳಿದ 'ಇಲ್ಲೊಂದು ತೊಂದರೆ ಆಗಿದೆ' ಅನ್ನೋ ಆ ಒಂದು ಸಾಲು, ಆಮೇಲೆ ಮೂರು ಜನ ಹೇಗೋ ಜೀವ ಉಳಿಸಿಕೊಂಡು ವಾಪಸ್ ಬಂದಿದ್ದು. ಸಾಹಸದ ಕಥೆ ಅಂತ ಅದನ್ನ ಸಾವಿರ ಸಲ ಹೇಳಿದಾರೆ, ನಾನು ಮತ್ತೆ ಅದನ್ನೇ ಹೇಳಲ್ಲ. ನನ್ನ ಪ್ರಕಾರ ಇದು ಮೊದಲು ಒಂದು ಕರೆಂಟ್ ಹೋದ ಕೇಸು. ಮೂರು ಜನರೇಟರ್ ಇದ್ದ ಜಾಗದಲ್ಲಿ ಎರಡು ಗಂಟೆಯೊಳಗೆ ಮೂರೂ ನಿಂತು ಹೋದವು, ಮಜಾ ಏನಂದ್ರೆ ಆ ಮೂರರಲ್ಲಿ ಒಂದೂ ಕೆಟ್ಟಿರಲಿಲ್ಲ. ಫ್ಯುಯೆಲ್ ಸೆಲ್ ಅಂದ್ರೆ ಏನು, ಅದರ ಶಕ್ತಿ ಎಲ್ಲಿದೆ, ಎಲ್ಲಿ ಮೋಸ ಹೋಗ್ತೀವಿ ಅಂತ ತಿಳ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಮೊದಲು ಘಟನೆ ಎರಡೇ ಮಾತಲ್ಲಿ. 1970ರ ಏಪ್ರಿಲ್ 11ಕ್ಕೆ ಜಿಮ್ ಲೊವೆಲ್, ಜಾಕ್ ಸ್ವಿಗರ್ಟ್, ಫ್ರೆಡ್ ಹೇಸ್ ಚಂದ್ರನ ಕಡೆ ಹೊರಟರು. ಸುಮಾರು 56 ಗಂಟೆ ಆದಮೇಲೆ, ಭೂಮಿಯಿಂದ ಹತ್ತಿರಹತ್ತಿರ 3 ಲಕ್ಷ 20 ಸಾವಿರ ಕಿಲೋಮೀಟರ್ ದೂರದಲ್ಲಿ, ಸರ್ವಿಸ್ ಮಾಡ್ಯೂಲಿನ (ಟ್ಯಾಂಕು, ಫ್ಯುಯೆಲ್ ಸೆಲ್ ಎಲ್ಲಾ ಇದ್ದ ನೌಕೆಯ ಹಿಂಭಾಗ) 2ನೇ ಆಕ್ಸಿಜನ್ ಟ್ಯಾಂಕ್ ಒಡೆದು ಹೋಯ್ತು. ಕಮಾಂಡ್ ಮಾಡ್ಯೂಲಿಗೆ, ಅಂದ್ರೆ ಮೂವರು ಕೂತಿದ್ದ ಭಾಗಕ್ಕೆ, ಕರೆಂಟ್ ಕೊಡ್ತಿದ್ದ ಫ್ಯುಯೆಲ್ ಸೆಲ್‌ಗಳು ಒಂದೊಂದಾಗಿ ಸತ್ತವು. ಚಂದ್ರನ ಮೇಲೆ ಇಳಿಯೋಕೆ ಅಂತ ಜೊತೆಗಿದ್ದ ಲೂನಾರ್ ಮಾಡ್ಯೂಲಿಗೆ ಹೋಗಿ ಕೂತು, ಅದರ ಬ್ಯಾಟರಿ ಮೇಲೆ ಬದುಕಿ ಏಪ್ರಿಲ್ 17ಕ್ಕೆ ಪೆಸಿಫಿಕ್ ಸಮುದ್ರದಲ್ಲಿ ಇಳಿದರು.

ಕಣಜ ಬೇರೆ, ಗಿರಣಿ ಬೇರೆ

ಫ್ಯುಯೆಲ್ ಸೆಲ್ ಅಂದ್ರೆ ಒಂಥರಾ ಬ್ಯಾಟರಿ ಅಂತ ತುಂಬಾ ಜನ ಅನ್ಕೊಂಡಿರ್ತಾರೆ, ನೋಡೋಕೂ ಹಾಗೇ ಇದೆ, ಕರೆಂಟ್ ಒಳಗೆ ಹೊರಗೆ ಹೋಗೋ ಎರಡು ಎಲೆಕ್ಟ್ರೋಡು, ಮಧ್ಯ ಎಲೆಕ್ಟ್ರೋಲೈಟ್ ಅನ್ನೋ ಒಂದು ಪದಾರ್ಥ, ಹೊರಗೆ ಪ್ಲಸ್ ಮೈನಸ್. ಆದ್ರೆ ಬ್ಯಾಟರಿ ಒಂದು ಕಣಜ. ಅದರೊಳಗೆ ಏನು ತುಂಬಿದೀವೋ ಅಷ್ಟೇ ಹೊರಗೆ ಬರೋದು, ಖಾಲಿಯಾದ್ರೆ ಮುಗೀತು, ಮತ್ತೆ ತುಂಬಬೇಕು. ಫ್ಯುಯೆಲ್ ಸೆಲ್ ಒಂದು ಗಿರಣಿ. ಅದರೊಳಗೆ ದಾಸ್ತಾನು ಅಂತ ಏನೂ ಇಲ್ಲ, ಮೇಲಿಂದ ಕಾಳು ಹಾಕ್ತಾ ಇರೋ ತನಕ ಕೆಳಗಿಂದ ಹಿಟ್ಟು ಬರ್ತಾ ಇರುತ್ತೆ, ಕಾಳು ನಿಲ್ಸಿದ ಕ್ಷಣದಿಂದ ಕಲ್ಲು ಸುಮ್ನೆ ತಿರುಗುತ್ತೆ ಅಷ್ಟೇ. ಈ ಒಂದು ವ್ಯತ್ಯಾಸ ತಲೇಲಿ ಇಟ್ಕೊಂಡ್ರೆ ಮುಂದಿನ ಇಡೀ ಕೇಸು ಅರ್ಥ ಆಗುತ್ತೆ.

ಒಳಗೆ ಆಗೋದೇನಂದ್ರೆ, ಹೈಡ್ರೋಜನ್ನೂ ಆಕ್ಸಿಜನ್ನೂ ಸೇರಿ ನೀರಾಗೋದು. ಇವೆರಡನ್ನ ಸುಮ್ನೆ ಬೆರೆಸಿ ಕಿಡಿ ಕೊಟ್ರೆ ಢಂ ಅಂತ ಹೊತ್ತಿಕೊಂಡು ಎಲ್ಲಾ ಶಕ್ತಿ ಬಿಸಿಯಾಗಿ ಹೋಗುತ್ತೆ. ಫ್ಯುಯೆಲ್ ಸೆಲ್‌ನ ಕಿತಾಪತಿ ಏನು ಅಂದ್ರೆ ಅವೆರಡು ನೇರವಾಗಿ ಮುಟ್ಟೋಕೆ ಬಿಡಲ್ಲ. ಹೈಡ್ರೋಜನ್ ಒಂದು ಕಡೆ, ಆಕ್ಸಿಜನ್ ಇನ್ನೊಂದು ಕಡೆ, ಮಧ್ಯದಲ್ಲಿರೋ ಎಲೆಕ್ಟ್ರೋಲೈಟ್ ಅಯಾನುಗಳನ್ನ (ಚಾರ್ಜ್ ಹೊತ್ತ ಕಣಗಳನ್ನ) ಮಾತ್ರ ದಾಟಿಸುತ್ತೆ, ಎಲೆಕ್ಟ್ರಾನ್‌ಗಳನ್ನ ದಾಟಿಸಲ್ಲ. ಹಾಗಾಗಿ ಹೈಡ್ರೋಜನ್ ಬಿಟ್ಟುಕೊಟ್ಟ ಎಲೆಕ್ಟ್ರಾನ್‌ಗಳು ಆಕ್ಸಿಜನ್ ಹತ್ರ ಹೋಗಬೇಕು ಅಂದ್ರೆ ಹೊರಗಿನ ತಂತಿ ಸುತ್ತಿಕೊಂಡೇ ಹೋಗಬೇಕು, ಆ ಸುತ್ತು ದಾರಿಯಲ್ಲಿ ನಮ್ಮ ಕೆಲಸ ಮಾಡಿಸ್ಕೊಳ್ತೀವಿ, ಅದೇ ಕರೆಂಟು. ಅಪೊಲೊದಲ್ಲಿ ಇದ್ದಿದ್ದು ಆಲ್ಕಲೈನ್ ಜಾತಿ, ಅಂದ್ರೆ ಎಲೆಕ್ಟ್ರೋಲೈಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅನ್ನೋ ಕ್ಷಾರ. ಅದರಲ್ಲಿ ಆಕ್ಸಿಜನ್ ಕಡೆ ಹುಟ್ಟಿದ ಹೈಡ್ರಾಕ್ಸೈಡ್ ಅಯಾನುಗಳು ದಾಟಿ ಬಂದು ಹೈಡ್ರೋಜನ್ ಜೊತೆ ಸೇರಿ ನೀರಾಗ್ತಾವೆ, ಹೈಡ್ರೋಜನ್ ಕಡೆಯೇ ನೀರು ಹುಟ್ಟುತ್ತೆ.

ಒಂದು ಸೆಲ್ ಕೊಡೋ ವೋಲ್ಟೇಜ್ ಲೆಕ್ಕದ ಪ್ರಕಾರ 1.23, ಲೋಡ್ ಹಾಕಿದಾಗ ನಿಜವಾಗಿ ಕೈಗೆ ಸಿಗೋದು 0.9ರ ಆಸುಪಾಸು. ಅದಕ್ಕೇ ಸಾಲಾಗಿ ಜೋಡಿಸೋದು, ಅಪೊಲೊದ ಮೂರು ಫ್ಯುಯೆಲ್ ಸೆಲ್ ಅಂದ್ರೆ ಇಂಥ ಮೂರು ಜೋಡಣೆ, ಒಂದೊಂದರಲ್ಲೂ 31 ಸಣ್ಣ ಸೆಲ್ ಇದ್ದವು, ಎಲ್ಲಾ ಸೇರಿ 27ರಿಂದ 31 ವೋಲ್ಟ್. ಬಿಸಿಯನ್ನ ಮೊದಲು ಆವಿ ಮಾಡಿ, ಆವಿಯಿಂದ ಚಕ್ರ ತಿರುಗಿಸಿ, ಚಕ್ರದಿಂದ ಕರೆಂಟ್ ತೆಗೆಯೋ ಮೂರು ಹಂತ ಇಲ್ಲಿಲ್ಲ. ಬಿಸಿಯಿಂದ ಓಡೋ ಎಂಜಿನ್‌ಗಳು ಎಷ್ಟು ಶಕ್ತಿ ತೆಗೀಬಹುದು ಅನ್ನೋದಕ್ಕೆ ಕಾರ್ನೋ ಅನ್ನೋ ವಿಜ್ಞಾನಿ ಹಾಕಿದ ಬೇಲಿ ಇದಕ್ಕೆ ಅನ್ವಯಿಸಲ್ಲ, ಇಂಧನದ ಶಕ್ತಿಯಲ್ಲಿ ಥಿಯರಿ ಪ್ರಕಾರ 83 ಪರ್ಸೆಂಟ್ ತನಕ ಕರೆಂಟಾಗಿ ಸಿಗಬಹುದು, 0.9 ವೋಲ್ಟ್ ಲೆಕ್ಕ ಹಾಕಿದ್ರೆ ಸುಮಾರು 60 ಪರ್ಸೆಂಟ್. ಇಷ್ಟು ಸಾಕು.

ವಕೀಲರ ಪ್ರಯೋಗದಿಂದ ಚಂದ್ರನ ತನಕ, 130 ವರ್ಷ

ಇದರ ತತ್ವ ಹೊಸದಲ್ಲ. ವೇಲ್ಸ್‌ನ ಸ್ವಾನ್ಸೀ ಊರಿನ ವಿಲಿಯಂ ರಾಬರ್ಟ್ ಗ್ರೋವ್ 1839ರಲ್ಲೇ ಇದನ್ನ ಬರೆದಿಟ್ಟಿದ್ರು, ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಶೋನ್‌ಬೈನ್ ಅನ್ನೋ ರಸಾಯನ ವಿಜ್ಞಾನಿ ಕೂಡ ಇದೇ ಪರಿಣಾಮ ನೋಡಿದ್ರು. ಗ್ರೋವ್ ವೃತ್ತಿಯಲ್ಲಿ ವಕೀಲರು, ಮುಂದೆ ಜಡ್ಜ್ ಕೂಡ ಆದ್ರು, ವಿಜ್ಞಾನ ಅವರ ಪ್ರೀತಿಯ ಕೆಲಸ. ನೀರಿಗೆ ಕರೆಂಟ್ ಹಾಯಿಸಿದ್ರೆ ಎರಡು ಗ್ಯಾಸ್ ಬರುತ್ತಲ್ಲ, ಹಾಗಾದ್ರೆ ಆ ಎರಡು ಗ್ಯಾಸ್ ಸೇರಿಸಿದ್ರೆ ಕರೆಂಟ್ ವಾಪಸ್ ಬರಬೇಕಲ್ವಾ ಅನ್ನೋ ನೇರ ಯೋಚನೆ. ಪ್ಲಾಟಿನಂ ಪಟ್ಟಿ, ತೆಳು ಮಾಡಿದ ಸಲ್ಫ್ಯೂರಿಕ್ ಆಸಿಡ್, ಮೇಲೆ ಗಾಜಿನ ಕೊಳವೆಯಲ್ಲಿ ಗ್ಯಾಸ್. 1842ರಲ್ಲಿ ಇಂಥ 50 ಜೋಡಿಯನ್ನ ಸಾಲಾಗಿ ಕಟ್ಟಿ ಗ್ಯಾಸ್ ಬ್ಯಾಟರಿ ಅಂತ ತೋರಿಸಿದ್ರು.

ಗ್ರೋವ್ ಅವತ್ತೇ ಒಂದು ಸೂಕ್ಷ್ಮ ಹಿಡಿದಿದ್ರು, ಅದು ನನಗೆ ಈ ಇಡೀ ಇತಿಹಾಸದಲ್ಲೇ ಇಷ್ಟವಾದ ಭಾಗ. ಕ್ರಿಯೆ ಎಲ್ಲಾ ಕಡೆ ಆಗಲ್ಲ, ಗ್ಯಾಸು, ದ್ರವ, ಲೋಹ ಮೂರೂ ಒಂದೇ ಕಡೆ ಸೇರೋ ಗೆರೆಯಲ್ಲಿ ಮಾತ್ರ ಆಗುತ್ತೆ. ಪ್ಲಾಟಿನಂ ಪಟ್ಟಿ ನೀರಿನಿಂದ ಮೇಲೆ ಎದ್ದ ಜಾಗದಲ್ಲಿ ಕೂದಲೆಳೆಯಷ್ಟು ಗೆರೆ. ಆ ಗೆರೆ ದೊಡ್ಡದು ಮಾಡದೆ ಕರೆಂಟ್ ದೊಡ್ಡದಾಗಲ್ಲ. ಮುಂದಿನ ನೂರು ಚಿಲ್ಲರೆ ವರ್ಷ ಎಲ್ರೂ ಹೊಡೆದಾಡಿದ್ದು ಇದೊಂದರ ಜೊತೆಗೇ ಅಂದ್ರೂ ತಪ್ಪಿಲ್ಲ. 1889ರಲ್ಲಿ ಲುಡ್ವಿಗ್ ಮಾಂಡ್ ಮತ್ತು ಕಾರ್ಲ್ ಲ್ಯಾಂಗರ್ ಎಲೆಕ್ಟ್ರೋಲೈಟನ್ನ ರಂಧ್ರ ಇರೋ ಪದಾರ್ಥದಲ್ಲಿ ಹೀರಿಸಿ ಸ್ವಲ್ಪ ಮುಂದೆ ಹೋದ್ರು. ಆದ್ರೆ ಅಷ್ಟೊತ್ತಿಗೆ ಡೈನಮೋ ಬಂದಾಗಿತ್ತು, ಕಲ್ಲಿದ್ದಲು ಸುಟ್ಟು ಚಕ್ರ ತಿರುಗಿಸೋದು ಅಗ್ಗ, ಪ್ಲಾಟಿನಂ ದುಬಾರಿ, ಕಥೆ ಅಲ್ಲಿಗೇ ನಿಂತಿತು.

ಅದನ್ನ ಮತ್ತೆ ಎಬ್ಬಿಸಿದ್ದು ಫ್ರಾನ್ಸಿಸ್ ಥಾಮಸ್ ಬೇಕನ್ ಅನ್ನೋ ಇಂಗ್ಲಿಷ್ ಎಂಜಿನಿಯರ್, 1932ರಿಂದ. ಟರ್ಬೈನ್ ಮಾಡೋ ಕಂಪನಿಯಲ್ಲಿ ಕೆಲಸ, ಅಲ್ಲೇ ಯಾರಿಗೂ ಹೇಳದೆ ಹೈಡ್ರೋಜನ್ ಆಕ್ಸಿಜನ್ ಇಟ್ಕೊಂಡು ಪ್ರಯೋಗ. ಗೊತ್ತಾದಾಗ ನಿಲ್ಲಿಸ್ತೀಯಾ ಹೋಗ್ತೀಯಾ ಅಂದ್ರು, ಇವರು ಹೋದ್ರು! ಪ್ಲಾಟಿನಂ ಬದಲು ನಿಕಲ್, ಆಸಿಡ್ ಬದಲು ಕ್ಷಾರ ಅನ್ನೋದು ಅವರ ಹಿಡಿತ. ಆಸಿಡ್‌ನಲ್ಲಿ ನಿಕಲ್ ಕರಗಿ ಹೋಗುತ್ತೆ, ಕ್ಷಾರದಲ್ಲಿ ನಿಲ್ಲುತ್ತೆ. ನಿಕಲ್ ಪ್ಲಾಟಿನಂ ಅಷ್ಟು ಚುರುಕಲ್ಲ, ಅದಕ್ಕೆ ಬಿಸಿ ಏರಿಸಿ 200 ಡಿಗ್ರಿ ಮಾಡಿದ್ರು, ಆಗ ನೀರು ಕುದಿದು ಹೋಗುತ್ತೆ, ಅದಕ್ಕೆ ಒತ್ತಡ ಏರಿಸಿದ್ರು, ಹೀಗೆ ಒಂದಕ್ಕೊಂದು ಕೊಂಡಿ. ಗ್ರೋವ್ ಹೇಳಿದ್ದ ಆ ಗೆರೆಗೆ ಬೇಕನ್ ಕಂಡುಹಿಡಿದ ಉಪಾಯ ಎರಡು ಅಳತೆಯ ರಂಧ್ರ ಇರೋ ಎಲೆಕ್ಟ್ರೋಡು, ದ್ರವದ ಕಡೆ ಸಣ್ಣ ರಂಧ್ರ, ಗ್ಯಾಸ್ ಕಡೆ ದೊಡ್ಡ ರಂಧ್ರ. ಸಣ್ಣ ರಂಧ್ರಗಳು ದ್ರವವನ್ನ ಹೀರಿ ಹಿಡ್ಕೊಳ್ತಾವೆ, ದೊಡ್ಡ ರಂಧ್ರಗಳಲ್ಲಿ ಗ್ಯಾಸ್ ಒತ್ತಡ ದ್ರವವನ್ನ ಹಿಂದಕ್ಕೆ ತಳ್ಳಿರುತ್ತೆ, ಎರಡೂ ಸಂಧಿಸೋ ಜಾಗ ಎಲೆಕ್ಟ್ರೋಡಿನ ಒಳಗೇ ಲಕ್ಷಾಂತರ ಕಡೆ ಹುಟ್ಟುತ್ತೆ. 1959ರಲ್ಲಿ ಕೇಂಬ್ರಿಡ್ಜ್‌ನಲ್ಲಿ 40 ಸೆಲ್‌ನ ಸೆಟ್ ಇಟ್ಟು ವೆಲ್ಡಿಂಗ್ ಮಾಡಿಸಿದ್ರು, ಗರಗಸ ಓಡಿಸಿದ್ರು, ಫೋರ್ಕ್‌ಲಿಫ್ಟ್ ಎತ್ತಿಸಿದ್ರು. ಅದೆಲ್ಲಾ ಆಗಿ ಬ್ರಿಟನ್ನಿನಲ್ಲಿ ತಗೊಳ್ಳೋರು ಯಾರೂ ಇಲ್ಲ. ಪೇಟೆಂಟ್ ಲೈಸೆನ್ಸ್ ಅಮೆರಿಕದ ಪ್ರಾಟ್ ಅಂಡ್ ವಿಟ್ನಿ ಕಂಪನಿಗೆ ಹೋಯ್ತು, ಅಲ್ಲಿಂದ ಅಪೊಲೊಗೆ.

ನಾಸಾಗೆ ಯಾಕೆ ಬೇಕಾಯ್ತು ಅಂದ್ರೆ ಲೆಕ್ಕ ಸಿಂಪಲ್. 1 ಕೆಜಿ ಹೈಡ್ರೋಜನ್‌ನಿಂದ 0.9 ವೋಲ್ಟಲ್ಲಿ ಸುಮಾರು 24 ಯೂನಿಟ್ ಕರೆಂಟ್ ತೆಗೀಬಹುದು. ಅಪೊಲೊದ ಎರಡು ಹೈಡ್ರೋಜನ್ ಟ್ಯಾಂಕಲ್ಲಿ ಸೇರಿ ಸುಮಾರು 25 ಕೆಜಿ ಹಿಡೀತಿತ್ತು, ಅಂದ್ರೆ ಹೆಚ್ಚುಕಮ್ಮಿ 600 ಯೂನಿಟ್. ಇದನ್ನೇ ಲೂನಾರ್ ಮಾಡ್ಯೂಲಲ್ಲಿದ್ದ ಸಿಲ್ವರ್ ಜಿಂಕ್ ಬ್ಯಾಟರಿಯಲ್ಲಿ ತಗೊಂಡು ಹೋಗ್ತೀವಿ ಅಂದ್ರೆ, ಅದರಲ್ಲಿ ಸುಮಾರು 60 ಕೆಜಿ ತೂಕದ ಒಂದು ಬ್ಯಾಟರಿ ಕೊಡ್ತಿದ್ದಿದ್ದು 12 ಯೂನಿಟ್ ಹತ್ರ, ಅಂಥವು 50 ಬೇಕು, ಮೂರು ಟನ್! ಫ್ಯುಯೆಲ್ ಸೆಲ್ ಒಂದೊಂದು 110 ಕೆಜಿ, ಮೂರು ಸೇರಿ 330, ಅದರ ಮೇಲೆ ಗ್ಯಾಸ್ ಮತ್ತು ಟ್ಯಾಂಕಿನ ತೂಕ, ಆದ್ರೂ ಲಾಭವೇ. ಮೇಲಾಗಿ ಪ್ರತಿ 1 ಕೆಜಿ ಹೈಡ್ರೋಜನ್‌ಗೆ 9 ಕೆಜಿ ನೀರು ಉಚಿತ, ಕುಡಿಯೋಕೂ ಆಯ್ತು ತಂಪು ಮಾಡೋಕೂ ಆಯ್ತು. (ಆ ನೀರಲ್ಲಿ ಹೈಡ್ರೋಜನ್ ಗುಳ್ಳೆ ಸೇರ್ಕೊಂಡು ಗಗನಯಾತ್ರಿಗಳಿಗೆ ಹೊಟ್ಟೆ ಉಬ್ಬರ ಆಗ್ತಿತ್ತು ಅನ್ನೋದು ಬೇರೆ ಮಾತು.)

ಅಪೊಲೊಗಿಂತ ಮುಂಚೆ ನಾಸಾದ ಜೆಮಿನಿ 5 ನೌಕೆಯಲ್ಲಿ, 1965ರ ಆಗಸ್ಟಲ್ಲಿ, ಫ್ಯುಯೆಲ್ ಸೆಲ್ ಮೊದಲ ಸಲ ಮನುಷ್ಯರ ಜೊತೆ ಬಾಹ್ಯಾಕಾಶಕ್ಕೆ ಹೋಯ್ತು. ಅದು ಜನರಲ್ ಎಲೆಕ್ಟ್ರಿಕ್‌ನ ಬೇರೆ ಜಾತಿ, ಪ್ಲಾಸ್ಟಿಕ್ ಪೊರೆಯಂಥ ಎಲೆಕ್ಟ್ರೋಲೈಟು, ಇವತ್ತಿನ ಹೈಡ್ರೋಜನ್ ಕಾರುಗಳಲ್ಲಿರೋದರ ಅಜ್ಜ ಅನ್ನಬಹುದು. ಹೋಗಿ ಸ್ವಲ್ಪ ಹೊತ್ತಿಗೇ ಆಕ್ಸಿಜನ್ ಟ್ಯಾಂಕಿನ ಹೀಟರ್ ಕೈಕೊಟ್ಟು ಒತ್ತಡ ಪಾತಾಳಕ್ಕೆ ಇಳೀತು. ಸೆಲ್‌ಗಳು ಆರೋಗ್ಯವಾಗೇ ಇದ್ದವು, ಕಡಿಮೆ ಒತ್ತಡದಲ್ಲೂ ನಡೆಯುತ್ತೆ ಅಂತ ಗೊತ್ತಾಗಿ ಎಂಟು ದಿನದ ಯಾತ್ರೆ ಮುಗೀತು. ಗಮನಿಸಿ, ಕೈಕೊಟ್ಟಿದ್ದು ಸೆಲ್ ಅಲ್ಲ, ಟ್ಯಾಂಕು, ಅದರ ಹೀಟರು. ಐದು ವರ್ಷ ಆದಮೇಲೆ ಇದೇ ಎರಡು ಹೆಸರು ಮತ್ತೆ ಬರ್ತಾವೆ.

ಆ ರಾತ್ರಿ

ಸರ್ವಿಸ್ ಮಾಡ್ಯೂಲಿನ 4ನೇ ಭಾಗದಲ್ಲಿ ಮೂರು ಅಟ್ಟ ಅಂತ ಕಲ್ಪಿಸ್ಕೊಳ್ಳಿ. ಮೇಲಿನ ಅಟ್ಟದಲ್ಲಿ ಮೂರು ಫ್ಯುಯೆಲ್ ಸೆಲ್, ನಡುವೆ ಎರಡು ಆಕ್ಸಿಜನ್ ಟ್ಯಾಂಕ್ ಅಕ್ಕಪಕ್ಕ, ಕೆಳಗೆ ಎರಡು ಹೈಡ್ರೋಜನ್ ಟ್ಯಾಂಕ್. ಆಕ್ಸಿಜನ್ ಒಂದೊಂದರಲ್ಲಿ ಸುಮಾರು 145 ಕೆಜಿ, ಅತಿ ತಂಪಾಗಿ, ಹೆಚ್ಚಿನ ಒತ್ತಡದಲ್ಲಿ, ದ್ರವವೂ ಅಲ್ಲ ಗ್ಯಾಸೂ ಅಲ್ಲ ಅನ್ನೋ ದಪ್ಪ ಮಂಜಿನಂಥ ಸ್ಥಿತಿಯಲ್ಲಿ. ತೂಕ ಇಲ್ಲದ ಜಾಗದಲ್ಲಿ ಅದು ಪದರ ಪದರ ಆಗುತ್ತೆ, ಆಗ ಎಷ್ಟಿದೆ ಅಂತ ಮೀಟರ್ ಸರಿಯಾಗಿ ತೋರಿಸಲ್ಲ, ಅದಕ್ಕೆ ಒಳಗೆ ಪುಟ್ಟ ಫ್ಯಾನು, ಆಗಾಗ ಕಲಕೋಕೆ. ಮತ್ತೆ ಒತ್ತಡ ಕಾಯ್ಕೊಳ್ಳೋಕೆ ಹೀಟರು. ಅಂದ್ರೆ ಶುದ್ಧ ಆಕ್ಸಿಜನ್ ತುಂಬಿದ ಟ್ಯಾಂಕಿನೊಳಗೆ ಕರೆಂಟ್ ತಂತಿ. ಈ ಡಿಸೈನ್ ಕೇಳಿದಾಗಲೇ ಎದೆ ಧಸಕ್ ಅನ್ನುತ್ತೆ, ಆದ್ರೆ ಅಷ್ಟು ಯಾತ್ರೆ ಏನೂ ಆಗದೆ ನಡೆದಿತ್ತು, ಅದೇ ತೊಂದರೆ, ನಡೀತಾ ಇದ್ದಾಗ ಯಾರೂ ಕೇಳಲ್ಲ.

ಏಪ್ರಿಲ್ 13, ಹ್ಯೂಸ್ಟನ್ ಗಡಿಯಾರದಲ್ಲಿ ರಾತ್ರಿ 9 ದಾಟಿತ್ತು. 2ನೇ ಟ್ಯಾಂಕಿನ ಪ್ರಮಾಣ ತೋರಿಸೋ ಮೀಟರ್ ಕೆಲವು ಗಂಟೆ ಮುಂಚೆಯೇ ಕೆಟ್ಟು ನೂರಕ್ಕಿಂತ ಮೇಲೆ ಸಿಕ್ಕಿಹಾಕಿಕೊಂಡಿತ್ತು. ಹ್ಯೂಸ್ಟನ್‌ನಲ್ಲಿ ಕೂತು ಎಲೆಕ್ಟ್ರಿಕಲ್ ಸಿಸ್ಟಮ್ ನೋಡ್ಕೊಳ್ತಿದ್ದ ಸೈ ಲೀಬರ್‌ಗಾಟ್ ಟ್ಯಾಂಕ್ ಕಲಕಿ ಅಂತ ಕೇಳಿಸಿದ್ರು, ಸ್ವಿಗರ್ಟ್ ಸ್ವಿಚ್ ಹಾಕಿದ್ರು. ಒಂದೂವರೆ ನಿಮಿಷ ಆಯ್ತು. ದೊಡ್ಡ ಶಬ್ದ, ನೌಕೆ ಅಲುಗಾಡ್ತು, ಭೂಮಿಗೆ ಬರ್ತಿದ್ದ ಡೇಟಾ 1.8 ಸೆಕೆಂಡ್ ಕಟ್ ಆಯ್ತು, ಬಿ ಬಸ್‌ನಲ್ಲಿ, ಅಂದ್ರೆ ನೌಕೆಗೆ ಕರೆಂಟ್ ಹಂಚೋ ಮುಖ್ಯ ಲೈನ್‌ಗಳಲ್ಲಿ ಒಂದರಲ್ಲಿ, ವೋಲ್ಟೇಜ್ ಕುಸಿದಿದೆ ಅಂತ ಅಲಾರಂ.

ಇಲ್ಲಿಂದ ಫ್ಯುಯೆಲ್ ಸೆಲ್‌ಗಳ ಕಡೆ ನೋಡಿ. ಸ್ಫೋಟದ ಹೊಡೆತಕ್ಕೆ 1 ಮತ್ತು 3ನೇ ಸೆಲ್‌ಗೆ ಆಕ್ಸಿಜನ್ ಬಿಡೋ ವಾಲ್ವ್‌ಗಳು ತಾವಾಗೇ ಮುಚ್ಚಿಕೊಂಡವು. ತಕ್ಷಣ ಕರೆಂಟ್ ಹೋಗಲಿಲ್ಲ. ವಾಲ್ವ್ ಮತ್ತು ಸೆಲ್ ಮಧ್ಯದ ಪೈಪಲ್ಲಿ ಉಳಿದಿದ್ದ ಆಕ್ಸಿಜನ್ ಸುಮಾರು ಮೂರು ನಿಮಿಷಕ್ಕೆ ಆಯ್ತು, ಆಮೇಲೆ ಎರಡೂ ಸೊನ್ನೆ. ಗಿರಣಿ ಬಾಯಲ್ಲಿ ಉಳಿದಿದ್ದ ಕಾಳು ಅಷ್ಟೇ ಅದು. ಬ್ಯಾಟರಿ ಆಗಿದ್ರೆ ನಿಧಾನಕ್ಕೆ ವೋಲ್ಟೇಜ್ ಇಳೀತಾ ಗಂಟೆಗಟ್ಟಲೆ ಮುನ್ಸೂಚನೆ ಕೊಡ್ತಿತ್ತು, ಇದು ಮೂರು ನಿಮಿಷ ಆರಾಮಾಗಿ ನಡೆದು ನಾಲ್ಕನೇ ನಿಮಿಷ ಹೆಣ.

ಇನ್ನೊಂದು ಹಾಳು ಸಂಗತಿ ಇದೆ. ವಾಲ್ವ್ ಮುಚ್ಚಿದೆಯಾ ಇಲ್ವಾ ಅಂತ ತೋರಿಸೋ ಸೂಚಕ ಕಮಾಂಡ್ ಮಾಡ್ಯೂಲಲ್ಲಿ ಇತ್ತು, ಆದ್ರೆ ಹೈಡ್ರೋಜನ್ ವಾಲ್ವೂ ಆಕ್ಸಿಜನ್ ವಾಲ್ವೂ ಎರಡೂ ಮುಚ್ಚಿದ್ರೆ ಮಾತ್ರ ಅದು ಮುಚ್ಚಿದೆ ಅಂತ ತೋರಿಸೋ ಹಾಗೆ ಜೋಡಿಸಿದ್ರು. ಇಲ್ಲಿ ಆಕ್ಸಿಜನ್ ಮಾತ್ರ ಮುಚ್ಚಿತ್ತು, ಸೂಚಕ ಎಲ್ಲಾ ಸರಿ ಇದೆ ಅಂತ ಕೂತಿತ್ತು. ಹಾಗಾಗಿ ಸೆಲ್ ಯಾಕೆ ಸತ್ತಿತು ಅಂತ ಒಳಗಿದ್ದೋರಿಗೂ ಗೊತ್ತಿಲ್ಲ, ಕೆಳಗಿದ್ದೋರಿಗೂ ಗೊತ್ತಿಲ್ಲ.

ಲೀಬರ್‌ಗಾಟ್ ಮೊದಲು ಮೀಟರುಗಳೇ ಸುಳ್ಳು ಹೇಳ್ತಿವೆ ಅಂತ ಅನ್ಕೊಂಡಿದ್ದನ್ನ ಆಮೇಲೆ ತುಂಬಾ ಜನ ಟೀಕಿಸಿದಾರೆ, ನನಗೆ ಅದು ಅನ್ಯಾಯ ಅನ್ಸುತ್ತೆ. ಐದು ತಿಂಗಳ ಹಿಂದೆ, 1969ರ ನವೆಂಬರಲ್ಲಿ ಅಪೊಲೊ 12 ಏರುವಾಗ ಸಿಡಿಲು ಬಡಿದು ಮೂರೂ ಫ್ಯುಯೆಲ್ ಸೆಲ್ ಒಟ್ಟಿಗೆ ಲೈನ್‌ನಿಂದ ಬಿಟ್ಟುಹೋಗಿದ್ದವು, ಡೇಟಾ ಎಲ್ಲಾ ಅಡ್ಡಾದಿಡ್ಡಿ. ಆಗ ಸೆಲ್‌ಗಳಿಗೆ ಏನೂ ಆಗಿರಲಿಲ್ಲ, ಓವರ್‌ಲೋಡ್ ಅಂತ ರಕ್ಷಣಾ ಸರ್ಕ್ಯೂಟ್ ಕಿತ್ತು ಹಾಕಿತ್ತು ಅಷ್ಟೇ, ಹ್ಯೂಸ್ಟನ್‌ನ ಕಂಟ್ರೋಲರ್ ಜಾನ್ ಆರನ್ ಹೇಳಿದ ಒಂದು ಸ್ವಿಚ್‌ನಿಂದ ಡೇಟಾ ವಾಪಸ್ ಬಂತು, ಸೆಲ್‌ಗಳನ್ನ ಮತ್ತೆ ಲೈನಿಗೆ ಹಾಕಿದ್ರು, ಚಂದ್ರನ ಮೇಲೆ ಇಳಿದೂ ಬಂದ್ರು. ಒಂದು ಸಲ ಹಾಗೆ ಆದಮೇಲೆ ಎರಡು ಟ್ಯಾಂಕು ಎರಡು ಸೆಲ್ಲು ಒಟ್ಟಿಗೆ ಹೋಗಿದೆ ಅಂದ್ರೆ ಯಾರು ನಂಬ್ತಾರೆ? ಒಂದೇ ಹೊತ್ತಿಗೆ ನಾಲ್ಕು ಕೆಡೋ ಸಾಧ್ಯತೆ ಬಗ್ಗೆ ಯಾರೂ ಅಭ್ಯಾಸ ಮಾಡಿರಲಿಲ್ಲ.

ಆದ್ರೆ ಸುಮಾರು ಕಾಲು ಗಂಟೆಯೊಳಗೆ ಲೊವೆಲ್ ಕಿಟಕಿಯಿಂದ ನೋಡಿ ಏನೋ ಗ್ಯಾಸ್ ಹೊರಗೆ ಚಿಮ್ಮುತ್ತಿದೆ ಅಂದಾಗ ಅನುಮಾನ ತೀರಿತು. 2ನೇ ಟ್ಯಾಂಕ್ ಪೂರ್ತಿ ಖಾಲಿ, 1ನೇದು ಸೋರ್ತಾ ಇದೆ. ಉಳಿದಿದ್ದು 2ನೇ ಫ್ಯುಯೆಲ್ ಸೆಲ್ ಒಂದೇ, ಅದೂ ಸೋರ್ತಿರೋ ಟ್ಯಾಂಕಿನ ಮೇಲೆ.

ವಾಪಸ್ ತೆಗೆಯೋಕಾಗದ ಸ್ವಿಚ್

ಲೀಬರ್‌ಗಾಟ್ ಆಮೇಲೆ ಕೊಟ್ಟ ಸಲಹೆ ಈ ಕೇಸಿನ ನಿಜವಾದ ತಿರುವು. ಸೋರಿಕೆ ಸತ್ತ ಸೆಲ್‌ಗಳ ಒಳಗೇ ಆಗ್ತಿರಬಹುದು, ಅವುಗಳ ಗ್ಯಾಸ್ ವಾಲ್ವ್ ಮುಚ್ಚಿದ್ರೆ 1ನೇ ಟ್ಯಾಂಕ್ ಉಳೀಬಹುದು ಅಂತ, ಮೊದಲು 3ನೇದು, ಆಮೇಲೆ 1ನೇದು. ಕೇಳೋಕೆ ಸಣ್ಣ ವಿಷಯ. ಆದ್ರೆ ಹೇಸ್ ಅದನ್ನ ಕೇಳಿ, ನಾನು ಸರಿಯಾಗಿ ಕೇಳಿಸ್ಕೊಂಡ್ನಾ ಅನ್ನೋ ಅರ್ಥದಲ್ಲಿ ಮತ್ತೆ ವಿಚಾರಿಸಿದ್ರು.

ಯಾಕೆ ಅಷ್ಟು ಗಾಬರಿ? ಅಪೊಲೊದ ಸೆಲ್ ಕೆಲಸ ಮಾಡೋದು 200 ಡಿಗ್ರಿ ಮೇಲೆ. ಬೇಕನ್ ಸೆಲ್ಲಿನ ಭಾರೀ ಒತ್ತಡ ಹೊರೋಕೆ ದಪ್ಪ ಲೋಹ ಬೇಕಲ್ಲ, ತೂಕ ಕಡಿಮೆ ಮಾಡೋಕೆ ಪ್ರಾಟ್ ಅಂಡ್ ವಿಟ್ನಿಯವರು ಒತ್ತಡ ಸುಮಾರು 4 ಅಟ್ಮಾಸ್ಫಿಯರಿಗೆ ಇಳಿಸಿದ್ರು, ಕುದಿಯಬಾರದು ಅಂತ ಕ್ಷಾರವನ್ನ 80 ಪರ್ಸೆಂಟ್ ಹತ್ರ ದಪ್ಪ ಮಾಡಿದ್ರು. ಅಷ್ಟು ದಪ್ಪ ಕ್ಷಾರ ರೂಮ್ ಬಿಸಿಯಲ್ಲಿ ಕಲ್ಲಾಗಿ ಗಟ್ಟಿಯಾಗಿರುತ್ತೆ. ಸೆಲ್ ನಡೀತಿರುವಾಗ ಅದರ ಬಿಸಿಯೇ ಅದನ್ನ ಕರಗಿಸಿ ಇಟ್ಟಿರುತ್ತೆ, ನಿಲ್ಲಿಸಿದ್ರೆ ತಣ್ಣಗಾಗಿ ಹೆಪ್ಪುಗಟ್ಟುತ್ತೆ. ನೆಲದ ಮೇಲೆ ಗಂಟೆಗಟ್ಟಲೆ ನಿಧಾನಕ್ಕೆ ಬಿಸಿ ಮಾಡಿ ಎಬ್ಬಿಸ್ತಿದ್ರು, ಹಾರಾಟದಲ್ಲಿ ಒಂದು ಸಲ ಗ್ಯಾಸ್ ಮುಚ್ಚಿದ್ರೆ ಮತ್ತೆ ತೆರೆಯೋ ಮಾತಿಲ್ಲ. ಎರಡು ಸೆಲ್ ಇಲ್ಲದೆ ಚಂದ್ರನ ಮೇಲೆ ಇಳಿಯೋ ಹಾಗಿಲ್ಲ ಅನ್ನೋದು ನಿಯಮ. ಅಂದ್ರೆ ಆ ವಾಲ್ವ್ ಮುಚ್ಚಿದ ಗಳಿಗೆಯಲ್ಲಿ ಚಂದ್ರನ ಇಳಿಯುವಿಕೆ ಅಧಿಕೃತವಾಗಿ ಸತ್ತಿತು. ಮುಚ್ಚಿದ್ರು, ಸೋರಿಕೆ ನಿಲ್ಲಲಿಲ್ಲ.

ಇದರ ನಡುವೆ ಇನ್ನೊಂದು ಕಣ್ಣಿಗೆ ಬಿತ್ತು. ಭೂಮಿಗೆ ಇಳಿಯುವಾಗ ಉಸಿರಾಡೋಕೆ ಅಂತ ಕಮಾಂಡ್ ಮಾಡ್ಯೂಲಲ್ಲಿ ಒಂದು ಸಣ್ಣ ಸರ್ಜ್ ಟ್ಯಾಂಕ್ ಇತ್ತು, 2 ಕೆಜಿಗೂ ಕಡಿಮೆ ಆಕ್ಸಿಜನ್. ದೊಡ್ಡ ಟ್ಯಾಂಕಲ್ಲಿ ಒತ್ತಡ ಬಿದ್ದಾಗ 2ನೇ ಸೆಲ್ ಈ ಟ್ಯಾಂಕಿಗೇ ಬಾಯಿ ಹಾಕೋಕೆ ಶುರು ಮಾಡಿತ್ತು. ಪೈಪು ಒಂದೇ ಅಲ್ವಾ, ಸೆಲ್‌ಗೆ ಇದು ಯಾರ ಉಸಿರು ಅಂತ ಏನು ಗೊತ್ತು. ಫ್ಲೈಟ್ ಡೈರೆಕ್ಟರ್ ಜೀನ್ ಕ್ರಾಂಜ್ ಕೂಡಲೇ ಆ ಟ್ಯಾಂಕನ್ನ ಬೇರ್ಪಡಿಸಿ ಅಂದ್ರು. ಇವತ್ತಿಗೂ ನನಗೆ ಆ ರಾತ್ರಿಯ ಅತಿ ಮುಖ್ಯ ನಿರ್ಧಾರ ಅನ್ಸೋದು ಇದೇ. ಕೊನೆಯ ಸೆಲ್ಲನ್ನ ಇನ್ನೂ ಸ್ವಲ್ಪ ಹೊತ್ತು ಬದುಕಿಸೋ ಆಸೆಗೆ ಬಿದ್ದಿದ್ರೆ ಇಳಿಯೋ ದಿನದ ಉಸಿರು ಅವತ್ತೇ ಉರಿದು ನೀರಾಗ್ತಿತ್ತು. ಸ್ಫೋಟ ಆಗಿ ಸುಮಾರು ಎರಡು ಗಂಟೆಗೆ ಆ ಕೊನೆಯ ಸೆಲ್ಲೂ ನಿಂತಿತು.

ಕೆಳಗಿನ ಅಟ್ಟದಲ್ಲಿ ಹೈಡ್ರೋಜನ್ ಟ್ಯಾಂಕ್‌ಗಳು ಆಗಲೂ ಸುಭದ್ರವಾಗಿದ್ದವು. ಅಷ್ಟೂ ಇಂಧನ ಇದ್ದು ಒಂದು ಬಲ್ಬ್ ಹೊತ್ತಿಸೋಕೂ ಉಪಯೋಗ ಇಲ್ಲ.

ಬ್ಯಾಟರಿ ಮೇಲೆ ನಾಲ್ಕು ದಿನ

ಲೂನಾರ್ ಮಾಡ್ಯೂಲಲ್ಲಿ ಫ್ಯುಯೆಲ್ ಸೆಲ್ ಇರಲಿಲ್ಲ, ಪೂರ್ತಿ ಬ್ಯಾಟರಿ, 400 ಆಂಪಿಯರ್ ಅವರ್‌ದು ನಾಲ್ಕು, 296ರದ್ದು ಎರಡು. ಎಲ್ಲಾ ಸೇರಿ 60 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ, ಫ್ಯುಯೆಲ್ ಸೆಲ್ ಪೂರ್ತಿ ಯಾತ್ರೆಗೆ ಕೊಡಬಹುದಾಗಿದ್ದರ ಹತ್ತನೇ ಒಂದು ಭಾಗ. ಎರಡು ಜನ ಎರಡು ದಿನ ಇರೋಕೆ ಮಾಡಿದ್ದರಲ್ಲಿ ಮೂರು ಜನ ನಾಲ್ಕು ದಿನ. ಲೋಡ್ ಕಡಿಮೆ ಮಾಡ್ತಾ ಮಾಡ್ತಾ 12 ಆಂಪಿಯರಿಗೆ ತಂದ್ರು, ಅಂದ್ರೆ ಸುಮಾರು 350 ವ್ಯಾಟ್, ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ತಗೊಳ್ಳೋಷ್ಟು. ಹೀಟರ್ ಇಲ್ಲ, ಕಂಪ್ಯೂಟರ್ ಇಲ್ಲ, ಕಮಾಂಡ್ ಮಾಡ್ಯೂಲಲ್ಲಿ 3 ಡಿಗ್ರಿ ಚಳಿ, ಗೋಡೆ ಮೇಲೆಲ್ಲಾ ಬೆವರು.

ಕರೆಂಟಿಗಿಂತ ಬಿಗಿಯಾಗಿದ್ದು ನೀರು, ಇದನ್ನ ಯಾರೂ ಅಷ್ಟಾಗಿ ಹೇಳಲ್ಲ. ನೀರಿನ ಕಾರ್ಖಾನೆಯೇ ಫ್ಯುಯೆಲ್ ಸೆಲ್ ಆಗಿತ್ತಲ್ಲ! ಅದು ನಿಂತ ಮೇಲೆ ಹೊಸ ನೀರು ಹುಟ್ಟೋ ಮಾತೇ ಇಲ್ಲ, ಇತ್ತ ಲೂನಾರ್ ಮಾಡ್ಯೂಲಿನ ಎಲೆಕ್ಟ್ರಾನಿಕ್ಸ್ ತಂಪಾಗೋದೂ ನೀರು ಆವಿ ಮಾಡಿಯೇ. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಸಣ್ಣ ಲೋಟದಷ್ಟು, 180 ಮಿಲಿಲೀಟರ್ ಹತ್ರ. ಮೂವರೂ ಸೇರಿ 14 ಕೆಜಿ ತೂಕ ಇಳಿದ್ರು, ಹೇಸ್‌ಗೆ ಮೂತ್ರದ ಸೋಂಕಾಗಿ ಜ್ವರ ಬಂತು. ಕಾರ್ಬನ್ ಡೈಆಕ್ಸೈಡ್ ಹೀರೋ ಡಬ್ಬಿಯನ್ನ ಟೇಪು ರಟ್ಟಿನಲ್ಲಿ ಜೋಡಿಸಿದ ಕಥೆ ಎಲ್ರಿಗೂ ಗೊತ್ತು, ಬಿಡ್ತೀನಿ.

ಕಮಾಂಡ್ ಮಾಡ್ಯೂಲಿನ ಸ್ವಂತ ಬ್ಯಾಟರಿ ಮೂರು, 40 ಆಂಪಿಯರ್ ಅವರ್‌ನವು, ಇಳಿಯೋ ಹೊತ್ತಿಗೆ ಮಾತ್ರ ಅಂತ ಇಟ್ಟಿದ್ದು. ಸ್ಫೋಟದ ಗಡಿಬಿಡಿಯಲ್ಲಿ ಖರ್ಚಾಗಿದ್ದನ್ನ ಲೂನಾರ್ ಮಾಡ್ಯೂಲಿಂದ ಉಲ್ಟಾ ಹರಿಸಿ ಚಾರ್ಜ್ ಮಾಡಿದ್ರು. ತಣ್ಣಗೆ ಸತ್ತು ಮಲಗಿದ್ದ ನೌಕೆಯನ್ನ ಅಷ್ಟೇ ಕರೆಂಟಲ್ಲಿ ಎಬ್ಬಿಸೋದು ಯಾವ ಕ್ರಮದಲ್ಲಿ ಅಂತ ಜಾನ್ ಆರನ್ ತಂಡ ಲೆಕ್ಕ ಹಾಕ್ತು, ಕೊನೆ ಗಳಿಗೆಯಲ್ಲಿ ಯಾತ್ರೆಯಿಂದ ಕೈಬಿಟ್ಟಿದ್ದ ಕೆನ್ ಮ್ಯಾಟಿಂಗ್ಲಿ ಸಿಮ್ಯುಲೇಟರಲ್ಲಿ ಅದನ್ನ ಪರೀಕ್ಷಿಸಿದ್ರು. ಕೊನೆಗೆ ಲೂನಾರ್ ಮಾಡ್ಯೂಲಲ್ಲಿ ಐದನೇ ಒಂದು ಭಾಗ ಕರೆಂಟ್ ಉಳಿದಿತ್ತು.

28 ವೋಲ್ಟಿನ ಸ್ವಿಚ್, 65 ವೋಲ್ಟಿನ ಲೈನ್

ಕಾರಣ ಹುಡುಕಿದ್ದು ಎಡ್ಗರ್ ಕಾರ್ಟ್‌ರೈಟ್ ಅಧ್ಯಕ್ಷತೆಯ ತನಿಖಾ ಮಂಡಳಿ, 1970ರ ಜೂನಲ್ಲಿ ವರದಿ ಬಂತು. ಟ್ಯಾಂಕಿನ ಹೀಟರಿಗೆ ಒಂದು ಥರ್ಮೋಸ್ಟ್ಯಾಟ್ ಸ್ವಿಚ್, ಸುಮಾರು 27 ಡಿಗ್ರಿ ಆದ್ರೆ ಕಟ್ ಆಗಬೇಕು. ಅದು 28 ವೋಲ್ಟಿಗೆ ಮಾಡಿದ್ದು. 1965ರಲ್ಲಿ ಉಡಾವಣಾ ಕೇಂದ್ರದಲ್ಲಿ 65 ವೋಲ್ಟ್ ಬಳಸ್ತೀವಿ ಅಂತ ಸ್ಪೆಸಿಫಿಕೇಶನ್ ಬದಲಾಯ್ತು, ಹೀಟರ್ ಬದಲಾಯ್ತು, ಸ್ವಿಚ್ ಮಾತ್ರ ಹಳೇದೇ ಉಳೀತು, ಪರಿಶೀಲನೆ ಮಾಡಿದ ಯಾರ ಕಣ್ಣಿಗೂ ಬೀಳಲಿಲ್ಲ. 1968ರ ಅಕ್ಟೋಬರಲ್ಲಿ ಅದೇ ಟ್ಯಾಂಕಿನ ಅಟ್ಟವನ್ನ ಅಪೊಲೊ 10ರಿಂದ ತೆಗೆಯುವಾಗ 5 ಸೆಂಟಿಮೀಟರ್ ಮೇಲಿಂದ ಕೆಳಗೆ ಬಿತ್ತು. ಬಹುಶಃ ಆಗಲೇ ಒಳಗಿನ ತುಂಬೋ ಕೊಳವೆ ಸಡಿಲ ಆಗಿತ್ತು.

1970ರ ಮಾರ್ಚಿನ ಪರೀಕ್ಷೆಯಲ್ಲಿ ಟ್ಯಾಂಕ್ ಖಾಲಿ ಮಾಡೋಕೆ ಹೋದ್ರೆ ಖಾಲಿ ಆಗ್ತಿಲ್ಲ, 92 ಪರ್ಸೆಂಟಲ್ಲೇ ನಿಂತಿದೆ. ಸರಿ, ಹೀಟರ್ ಹಾಕಿ ಆವಿ ಮಾಡಿ ಹೊರಗೆ ಬಿಡೋಣ ಅಂದ್ರು. 65 ವೋಲ್ಟಲ್ಲಿ ಎಂಟು ಗಂಟೆ. ಸ್ವಿಚ್ ತೆರೆಯೋಕೆ ಹೋದ ಕ್ಷಣ ಕಿಡಿ ಹಾರಿ ಬೆಸುಗೆ ಹಾಕಿದ ಹಾಗೆ ಅಂಟಿಕೊಂಡಿತು. ಬಿಸಿ ಏರ್ತಾ ಹೋಯ್ತು, ಕೊಳವೆಯ ಕೆಲವು ಕಡೆ 500 ಡಿಗ್ರಿ ದಾಟಿರಬೇಕು ಅಂತ ಅಂದಾಜು. ಆದ್ರೆ ನೋಡ್ತಿದ್ದೋರ ಮೀಟರಿನ ಮುಳ್ಳು 30 ಡಿಗ್ರಿಗಿಂತ ಮೇಲೆ ಹೋಗೋ ಹಾಗೇ ಇರಲಿಲ್ಲ, ಯಾಕಂದ್ರೆ ಸ್ವಿಚ್ ಇರುವಾಗ ಅದಕ್ಕಿಂತ ಜಾಸ್ತಿ ಆಗೋದೇ ಇಲ್ಲ ಅಲ್ವಾ! ಫ್ಯಾನ್ ತಂತಿ ಮೇಲಿನ ಟೆಫ್ಲಾನ್ ಹೊದಿಕೆ ಬೆಂದು ಬಿರುಕು ಬಿಟ್ಟಿತು. ಅಟ್ಟ ಬದಲಾಯಿಸೋಕೆ ಸುಮಾರು 45 ಗಂಟೆ ಬೇಕಿತ್ತು, ಬೇಡ ಅಂತ ತೀರ್ಮಾನ, ಲೊವೆಲ್ ಕೂಡ ಒಪ್ಪಿದ್ರು. ಆ ಟ್ಯಾಂಕ್ ಅಂದಿನಿಂದ ಒಂದು ಬಾಂಬು, ಯಾರಾದ್ರೂ ಫ್ಯಾನ್ ಸ್ವಿಚ್ ಒತ್ತೋದೊಂದೇ ಬಾಕಿ.

ಈ ಕೇಸಿನ ಬಗ್ಗೆ ನನ್ನ ತಕರಾರು ಥರ್ಮೋಸ್ಟ್ಯಾಟ್ ಮೇಲೆ ಅಲ್ಲ. ಅಂಥದ್ದು ಎಲ್ಲಾ ಕಡೆ ಒಂದಲ್ಲ ಒಂದು ಇದ್ದೇ ಇರುತ್ತೆ. ಮೂರು ಫ್ಯುಯೆಲ್ ಸೆಲ್ ಇದೆ, ಒಂದು ಹೋದ್ರೆ ಎರಡಿದೆ, ಎರಡು ಹೋದ್ರೂ ಒಂದರಲ್ಲಿ ಮನೆಗೆ ಬರಬಹುದು ಅಂತ ಎಣಿಸಿದ್ರಲ್ಲ, ಅದು ಗಿರಣಿಗಳ ಎಣಿಕೆ. ಕಾಳಿನ ದಾರಿ ಎಣಿಸಿದ್ರೆ ಎರಡು ಟ್ಯಾಂಕು, ಅದೂ ಒಂದೇ ಅಟ್ಟ, ಒಂದೇ ಪೈಪು ವ್ಯವಸ್ಥೆ, ಪಕ್ಕದ ಟ್ಯಾಂಕ್ ಸಿಡಿದ್ರೆ ಇದಕ್ಕೂ ಏಟು. ಕರೆಂಟು, ನೀರು, ಉಸಿರು ಮೂರೂ ಒಂದೇ ನೂಲಿಗೆ ಕಟ್ಟಿದ್ದು, ತೂಕ ಉಳಿಸಿದ ಆ ಜಾಣತನವೇ ಇಲ್ಲಿ ಕುತ್ತಿಗೆಗೆ ಬಂತು.

1971ರ ಜನವರಿ 31ಕ್ಕೆ ಹೊರಟ ಅಪೊಲೊ 14 ನೋಡಿದ್ರೆ ಇದು ಅವರಿಗೂ ಅರ್ಥ ಆಗಿತ್ತು ಅಂತ ಗೊತ್ತಾಗುತ್ತೆ. ಟ್ಯಾಂಕೊಳಗಿನ ಫ್ಯಾನು, ಆ ಥರ್ಮೋಸ್ಟ್ಯಾಟ್ ಎರಡನ್ನೂ ಕಿತ್ತು ಹಾಕಿದ್ರು, ತಂತಿಗೆ ಸ್ಟೇನ್‌ಲೆಸ್ ಸ್ಟೀಲ್ ಕವಚ ಬಂತು, ಎಚ್ಚರಿಕೆ ವ್ಯವಸ್ಥೆಯನ್ನೂ ತಿದ್ದಿದ್ರು. ಮೂರನೇ ಆಕ್ಸಿಜನ್ ಟ್ಯಾಂಕ್ ಸೇರಿಸಿದ್ರು, ಅದನ್ನ ಹಳೇ ಎರಡರ ಪಕ್ಕ ಇಡಲಿಲ್ಲ, ಬೇರೆ ಭಾಗದಲ್ಲಿ, ಬೇರ್ಪಡಿಸೋ ವಾಲ್ವ್ ಸಮೇತ. ಫ್ಯುಯೆಲ್ ಸೆಲ್‌ಗಳ ಸಂಖ್ಯೆ ಮಾತ್ರ ಹೆಚ್ಚಿಸಲಿಲ್ಲ, ಮೂರೇ. ಅದರ ಜೊತೆಗೆ ತುರ್ತಿಗೆ ಅಂತ ಸ್ವಲ್ಪ ನೀರು, ಸರ್ವಿಸ್ ಮಾಡ್ಯೂಲಲ್ಲಿ 400 ಆಂಪಿಯರ್ ಅವರ್‌ನ ಒಂದು ಬ್ಯಾಟರಿ. ಗಿರಣಿ ಎಷ್ಟೇ ಚೆನ್ನಾಗಿದ್ರೂ ಪಕ್ಕದಲ್ಲಿ ಒಂದು ಕಣಜ.

ಸೆಲ್ ತಾನೇ ಕೆಟ್ಟ ಉದಾಹರಣೆಯೂ ಇಲ್ಲ ಅಂತಲ್ಲ. 1981ರ ನವೆಂಬರಲ್ಲಿ ಕೊಲಂಬಿಯಾ ಶಟಲ್‌ನ ಎರಡನೇ ಹಾರಾಟದಲ್ಲಿ ಮೂರರಲ್ಲಿ ಒಂದು ಸೆಲ್ ನಿಜವಾಗಿ ಕೈಕೊಟ್ಟಿತು, ಐದು ದಿನದ ಯಾತ್ರೆ ಎರಡು ಚಿಲ್ಲರೆ ದಿನಕ್ಕೆ ಮುಗೀತು. ಉಳಿದ ಎರಡಕ್ಕೆ ಗ್ಯಾಸ್ ಬರ್ತಾ ಇತ್ತು, ಆರಾಮಾಗಿ ಇಳಿದ್ರು.